ಸುದ್ದಿ ಮೇಲಕ್ಕೆ ಹೋಗುವ ದಾರಿ

(ಉಪನ್ಯಾಸವೊಂದರ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಟ್ಟುಕೊಂಡಿದ್ದೇನೆ.)

ಸೈಕಲ್ಲಿನಿಂದ ಶುರು ಮಾಡುತ್ತೇನೆ. 1990ರ ದಶಕದ ಕೊನೆಯಲ್ಲಿ ಟಾಂಜಾನಿಯಾದ ರೂಫಿಜಿ ಮತ್ತು ಮೊರೊಗೊರೊ ಎಂಬ ಎರಡು ಜಿಲ್ಲೆಗಳಲ್ಲಿ ಸಮೀಕ್ಷೆಯವರು ಸೈಕಲ್ ಹತ್ತಿ ಮನೆ ಮನೆಗೆ ಹೋಗುತ್ತಿದ್ದರು. ಕೇಳಬೇಕಾದ ಪ್ರಶ್ನೆ ಸುಲಭದ್ದಲ್ಲ. ಇತ್ತೀಚೆಗೆ ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ಮಗುವಾ, ದೊಡ್ಡವರಾ? ಜ್ವರ ಇತ್ತಾ, ಎಷ್ಟು ದಿನ ಇತ್ತು? ಉತ್ತರ ಬರೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಹೀಗೆ ಮನೆಗೇ ಹೋಗಿ ಕೇಳಬೇಕಾಗಿ ಬಂದದ್ದು ಯಾಕೆ ಅಂದರೆ, ಅಲ್ಲಿ ಬಹಳ ಜನ ಸಾಯುತ್ತಿದ್ದದ್ದು ಮನೆಯಲ್ಲೇ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಆ ಸಾವುಗಳು ಇರಲೇ ಇಲ್ಲ.

ಲೆಕ್ಕ ಹಾಕಿದಾಗ ಒಂದು ವಿಷಯ ಎದ್ದು ಕಂಡಿತು. ಮೊರೊಗೊರೊದಲ್ಲಿ ಜನ ಅಕಾಲ ಮರಣದಿಂದ ಕಳೆದುಕೊಳ್ಳುತ್ತಿದ್ದ ಆಯಸ್ಸಿನಲ್ಲಿ ಶೇ 30ರಷ್ಟು ಮಲೇರಿಯಾ ಒಂದರಿಂದಲೇ ಹೋಗುತ್ತಿತ್ತು. ಆದರೆ 1996ರ ಆರೋಗ್ಯ ಬಜೆಟ್‌ನಲ್ಲಿ ಮಲೇರಿಯಾಕ್ಕೆ ಇಟ್ಟಿದ್ದ ಹಣ ಶೇ 5. ಆ ಬಜೆಟ್ ಮಾಡಿದವರು ಕಲ್ಲು ಮನಸ್ಸಿನವರೇನೂ ಆಗಿರಲಿಲ್ಲ. ಅವರ ಮುಂದೆ ಆ ಅಂಕಿ ಇರಲಿಲ್ಲ, ಅಷ್ಟೇ. ಅಂಕಿಯನ್ನು ಸುಲಭವಾದ ಚಿತ್ರ ಮಾಡಿ ಜಿಲ್ಲೆಯವರ ಕೈಗೆ ಕೊಟ್ಟರು. ಖರ್ಚು ಮಾಡಲು ತಲೆಗೆ ಒಂದು ಡಾಲರ್‌ಗಿಂತ ಕಡಿಮೆ ಹೆಚ್ಚುವರಿ ಹಣ ಕೊಟ್ಟರು. ಹಣ ಸೊಳ್ಳೆ ಪರದೆಗೆ, ಮಕ್ಕಳ ಕಾಯಿಲೆಗಳಿಗೆ ಹೋಯಿತು. ಐದಾರು ವರ್ಷದಲ್ಲಿ ಆ ಎರಡು ಜಿಲ್ಲೆಗಳಲ್ಲಿ ಮಕ್ಕಳ ಸಾವು ಶೇ 40ಕ್ಕಿಂತ ಜಾಸ್ತಿ ಇಳಿಯಿತು. ಅಷ್ಟೂ ಇಳಿಕೆ ಆ ಒಂದು ಚಿತ್ರದಿಂದ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಚಿತ್ರ ಇಲ್ಲದೇ ಇದ್ದಿದ್ದರೆ ಹಣ ಹಳೇ ದಾರಿಯಲ್ಲೇ ಹರಿದು ಹೋಗುತ್ತಿತ್ತು.

ಜನರಿಗೆ ಒಳ್ಳೇದಾಗಲಿಲ್ಲ ಅಂದರೆ ನಾವು ತಕ್ಷಣ ಹೇಳುವ ಮಾತು, ರಾಜಕಾರಣಿಗಳಿಗೆ ಮನಸ್ಸಿಲ್ಲ ಅನ್ನುವುದು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಮನಸ್ಸಿಲ್ಲದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮನಸ್ಸು ಇದ್ದವರಿಗೂ ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದಿರುವಿಕೆ ತಾನಾಗಿ ಹುಟ್ಟಿದ್ದಲ್ಲ. ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಯಾರೋ ಒಬ್ಬರು ಅದನ್ನು ತಡೆದಿರುತ್ತಾರೆ, ಇಲ್ಲವೇ ಬಣ್ಣ ಬದಲಿಸಿರುತ್ತಾರೆ. ಇವತ್ತು ಆ ದಾರಿಯ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಒಂದು ಅನುಮಾನ ಪರಿಹಾರ ಮಾಡಿಕೊಳ್ಳೋಣ. ಗೊತ್ತಾದರೆ ಮಾತ್ರ ಏನು ಕಡಿದು ಹಾಕುತ್ತಾರೆ ಅಂತ ಕೇಳುವವರು ಇರುತ್ತಾರೆ, ಅಲ್ವಾ? ಬ್ರೆಜಿಲ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2,150 ಪುರಸಭೆಗಳನ್ನು ಒಳಗೊಂಡ ಅಧ್ಯಯನ, 2021ರಲ್ಲಿ ಪ್ರಕಟವಾಯಿತು. ತೆರಿಗೆ ಕಟ್ಟುವ ದಿನ ಹತ್ತಿರ ಬಂತು ಅಂತ ಜನರಿಗೆ ಒಂದು ಸಾದಾ ಪತ್ರ ಕಳಿಸಿದರೆ ಜಾಸ್ತಿ ಜನ ಕಟ್ಟುತ್ತಾರೆ ಅಂತ ಬೇರೆ ಕಡೆಯ ಸಂಶೋಧನೆಗಳು ತೋರಿಸಿದ್ದವು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಮೇಯರ್‌ಗಳಿಗೆ ಮಾತ್ರ ಒಂದು ಸಣ್ಣ ಸಭೆಯಲ್ಲಿ ಈ ವಿಷಯ ಹೇಳಿದರು. ಹಣ ಕೊಡಲಿಲ್ಲ, ಒತ್ತಾಯ ಮಾಡಲಿಲ್ಲ. ಒಂದೆರಡು ವರ್ಷ ಬಿಟ್ಟು ನೋಡಿದರೆ, ಆ ಪತ್ರ ಕಳಿಸುವ ಪದ್ಧತಿ ತಂದವರ ಪ್ರಮಾಣ ವಿಷಯ ಕೇಳಿದ ಮೇಯರ್‌ಗಳ ಊರುಗಳಲ್ಲಿ ಸುಮಾರು 10 ಶೇಕಡಾ ಅಂಶದಷ್ಟು ಜಾಸ್ತಿ ಇತ್ತು. ಸುಮ್ನೆ ಹೇಳಿದ್ದಕ್ಕೇ ಇಷ್ಟು.

ಇನ್ನೊಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ್ದು, 2008ರ ಮಾತು. ಜನರಿಗೆ ತೆರಿಗೆ ಹಣ ವಾಪಸ್ ಕೊಡುವ ಒಂದು ಪ್ರಸ್ತಾಪ ಶಾಸನಸಭೆಯ ಮುಂದೆ ಬಂದಿತ್ತು. ಸಂಶೋಧಕರು ಹತ್ತು ಸಾವಿರಕ್ಕೂ ಜಾಸ್ತಿ ಜನರ ಅಭಿಪ್ರಾಯ ಕೇಳಿದರು. ಶಾಸಕರಲ್ಲಿ ಅರ್ಧ ಜನರನ್ನು ಚೀಟಿ ಎತ್ತಿದ ಹಾಗೇ ಆರಿಸಿ, ನಿಮ್ಮ ಕ್ಷೇತ್ರದವರು ಹೀಗೆ ಹೇಳುತ್ತಿದ್ದಾರೆ ನೋಡಿ ಅಂತ ಕಾಗದ ಕಳಿಸಿದರು. ಆ ಕಾಗದ ಸಿಕ್ಕ ಶಾಸಕರು ಉಳಿದವರಿಗಿಂತ ತಮ್ಮ ಜನರ ಅಭಿಪ್ರಾಯಕ್ಕೆ ಹತ್ತಿರವಾಗಿ ಮತ ಹಾಕಿದರು. ಇದನ್ನು ಓದಿದಾಗ ನನಗೆ ಸಂತೋಷಕ್ಕಿಂತ ಜಾಸ್ತಿ ಚಿಂತೆ ಆಯಿತು. ಕಾಗದ ಸಿಗದ ಉಳಿದ ಅರ್ಧ ಜನ ಏನನ್ನು ನಂಬಿ ಮತ ಹಾಕಿದರು?

ಊಹೆಯನ್ನು ನಂಬಿ. ಆ ಊಹೆ ಎಲ್ಲಿಂದ ಬರುತ್ತದೆ ಅಂದರೆ, ಯಾರು ಬಂದು ಭೇಟಿ ಮಾಡುತ್ತಾರೋ, ಯಾರು ಫೋನ್ ಮಾಡುತ್ತಾರೋ ಅವರಿಂದ. ಅತ್ತ ಮಗುವಿಗೆ ಹಾಲು ಅನ್ನುತ್ತೇವಲ್ಲ, ಹಾಗೆ. ಅಮೆರಿಕದ ರಾಜ್ಯ ಮಟ್ಟದ ರಾಜಕಾರಣಿಗಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎರಡೂ ಪಕ್ಷದವರು ತಮ್ಮ ಮತದಾರರನ್ನು ಇರುವುದಕ್ಕಿಂತ ಜಾಸ್ತಿ ಬಲಪಂಥೀಯರು ಅಂದುಕೊಂಡಿದ್ದರು. ಆ ಕಡೆಯ ಮತದಾರರು ತಮ್ಮ ಪ್ರತಿನಿಧಿಗಳನ್ನು ಜಾಸ್ತಿ ಸಂಪರ್ಕಿಸುತ್ತಿದ್ದದ್ದು ಒಂದು ಕಾರಣ. ಇನ್ನು ಹಣದ ಮಾತು. ಅಲ್ಲಿನ ಸಂಸತ್ತಿನ 191 ಸದಸ್ಯರ ಕಚೇರಿಗಳಿಗೆ ಒಂದೇ ವಿಷಯಕ್ಕೆ ಭೇಟಿ ಕೇಳಿ ಪತ್ರ ಹೋಯಿತು. ಕೆಲವು ಪತ್ರಗಳಲ್ಲಿ ಬರುವವರು ಕ್ಷೇತ್ರದ ನಿವಾಸಿಗಳು ಅಂತ ಇತ್ತು, ಕೆಲವದರಲ್ಲಿ ದೇಣಿಗೆ ಕೊಟ್ಟವರು ಅಂತ. ದೇಣಿಗೆ ಕೊಟ್ಟವರಿಗೆ ಸದಸ್ಯರ ಅಥವಾ ಅವರ ಹಿರಿಯ ಸಿಬ್ಬಂದಿಯ ಭೇಟಿ ಮೂರು ನಾಲ್ಕು ಪಟ್ಟು ಜಾಸ್ತಿ ಸಿಕ್ಕಿತು. ಮುಖ ನೋಡಿ ಮಣೆ. ಒಳಗೆ ಹೋದವರ ಕಷ್ಟ ಮಾಹಿತಿ ಆಗುತ್ತದೆ. ಬಾಗಿಲಲ್ಲೇ ನಿಂತವರ ಕಷ್ಟ ಅವರಲ್ಲೇ ಉಳಿಯುತ್ತದೆ.

ಈಗ ನಾನೇ ಕಂಡ ಒಂದು ವಿಷಯ ಹೇಳಬೇಕು. ಕೆಲವು ವರ್ಷ ಜನಪ್ರತಿನಿಧಿಗಳಿಗೆ ಟಿಪ್ಪಣಿ ಬರೆದುಕೊಡುವ ಕೆಲಸ ಮಾಡುತ್ತಿದ್ದೆ. ಒಂದು ಸಲ ಸ್ಥಳಕ್ಕೆ ಹೋಗಿ ಬಂದ ಸಿಬ್ಬಂದಿ ಬರೆದದ್ದು ಹೀಗಿತ್ತು: "ನೀರಿನ ಪಂಪು ಕೆಟ್ಟು ಮೂರು ತಿಂಗಳು. ಹೆಂಗಸರು ದೂರದಿಂದ ಹೊತ್ತು ತರುತ್ತಿದ್ದಾರೆ." ಮುಂದಿನ ಮೇಜಿಗೆ ಹೋದಾಗ ಅದು "ಪಂಪಿನಲ್ಲಿ ತಾಂತ್ರಿಕ ತೊಂದರೆ ಕಂಡುಬಂದಿದೆ" ಅಂತ ಆಯಿತು. ಅದರ ಮುಂದಿನ ಮೇಜಿನಲ್ಲಿ "ದುರಸ್ತಿ ಕಾರ್ಯ ಪ್ರಗತಿಯಲ್ಲಿದೆ" ಅಂತ ಆಯಿತು. ನಾನು ಬರೆದ ಒಂದು ಪುಟದ ಟಿಪ್ಪಣಿಯಲ್ಲಿ ಆ ಸಾಲೇ ಇರಲಿಲ್ಲ. ಪ್ರಗತಿಯಲ್ಲಿದೆ ಅಂದಮೇಲೆ ಮತ್ತೆ ಹೇಳುವುದೇನು ಅಂತ ಬಿಟ್ಟುಬಿಟ್ಟಿದ್ದೆ. ಪೂರ್ತಿ ಸುಳ್ಳು ಹೇಳಬೇಕು ಅಂತ ಕೂತವರು ಯಾರೂ ಇರಲಿಲ್ಲ. ಮೂರು ತಿಂಗಳು ಅಂತ ಬರೆದರೆ ಮೂರು ತಿಂಗಳು ಏನು ಮಾಡುತ್ತಿದ್ದೆ ಅನ್ನುವ ಪ್ರಶ್ನೆ ಬರುತ್ತದೆ, ಅದಕ್ಕೆ ಒಬ್ಬೊಬ್ಬರೂ ಒಂದೊಂದು ಮಾತು ಮೆತ್ತಗೆ ಮಾಡಿದರು. ಓದಿದ ಪ್ರತಿನಿಧಿಗೆ ಮಾತ್ರ ಎಲ್ಲಾ ಸರಿಯಾಗಿದೆ ಅಂತ ಕಂಡಿತು. ಆ ಹೆಂಗಸರು ನೀರು ಹೊರುವುದು ನಿಲ್ಲಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈ ಸಣ್ಣ ಮೆತ್ತಗಾಗುವಿಕೆ ಒಂದು ಇಡೀ ದೇಶದಲ್ಲಿ ನಡೆದರೆ, ಅದರ ಜೊತೆಗೆ ಭಯವೂ ಸೇರಿದರೆ ಏನಾಗುತ್ತದೆ ಅಂತ ಚೀನಾದಲ್ಲಿ ನೋಡಬಹುದು. 1958ರಲ್ಲಿ ಬೆಳೆಯನ್ನೂ ಕಾರ್ಖಾನೆಯನ್ನೂ ಒಮ್ಮೆಲೇ ಮುಂದೆ ತರಬೇಕು ಅಂತ ಅಲ್ಲಿನ ನಾಯಕ ಮಾವೋ ಮಹಾ ಜಿಗಿತ ಎಂಬ ಕಾರ್ಯಕ್ರಮ ಶುರು ಮಾಡಿದರು. ಯಾವ ಕಮ್ಯೂನ್ (ಹಳ್ಳಿಗಳನ್ನು ಸೇರಿಸಿ ಮಾಡಿದ ಸಾಮೂಹಿಕ ಬೇಸಾಯದ ಘಟಕ) ಜಾಸ್ತಿ ಬೆಳೆ ತೋರಿಸುತ್ತದೋ ಅದಕ್ಕೆ ಹೊಗಳಿಕೆ, ಕಡಿಮೆ ತೋರಿಸಿದರೆ ಹಿಂದುಳಿದವರು ಅನ್ನುವ ಹಣೆಪಟ್ಟಿ. ಹಾಗಾಗಿ ಏನು ಮಾಡಿದರು ಗೊತ್ತಾ? ಹಲವು ಗದ್ದೆಗಳಲ್ಲಿ ಬೆಳೆದು ನಿಂತ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಇದೊಂದೇ ಗದ್ದೆಯ ಬೆಳೆ ಅಂತ ಮೇಲಿನವರಿಗೆ ತೋರಿಸಿದರು. ಪೈರಿನ ಮೇಲೆ ಮಕ್ಕಳು ನಿಂತಿರುವ ಫೋಟೋ ಪತ್ರಿಕೆಯಲ್ಲಿ ಬಂತು, ಅಷ್ಟು ದಟ್ಟವಾಗಿದೆಯಂತೆ ಬೆಳೆ. ಕಾಳಿನ ಲೆಕ್ಕ ಹಳ್ಳಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಂತ್ಯಕ್ಕೆ, ಅಲ್ಲಿಂದ ರಾಜಧಾನಿಗೆ ಹೋಗುತ್ತಾ ಒಂದೊಂದು ಮೆಟ್ಟಿಲಲ್ಲೂ ಊದಿಕೊಂಡಿತು. ಸರ್ಕಾರ ಆ ಊದಿಕೊಂಡ ಲೆಕ್ಕದ ಮೇಲೆ ತನ್ನ ಪಾಲು ಎಳೆದುಕೊಂಡಿತು. ಕಾಗದದ ಮೇಲಿನ ಬೆಳೆಗೆ ನಿಜವಾದ ಧಾನ್ಯದಲ್ಲಿ ಲೆವಿ. ಹಳ್ಳಿಯವರ ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. 1959ರಲ್ಲೂ ದೇಶದಿಂದ ಹೊರಗೆ ಧಾನ್ಯ ರಫ್ತಾಗುತ್ತಿತ್ತು. ಕ್ಷಾಮ ತೀರಾ ಜೋರಾಗಿದ್ದಾಗ ಸರ್ಕಾರ ತನ್ನ ಹತ್ತಿರ ಇರುವುದಕ್ಕಿಂತ 10 ಕೋಟಿ ಟನ್ ಜಾಸ್ತಿ ಧಾನ್ಯ ಇದೆ ಅಂತ ನಂಬಿತ್ತು ಎಂದು ಅಮರ್ತ್ಯ ಸೇನ್ ಬರೆದಿದ್ದಾರೆ. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ.

ಹೇಳಿದವರು ಒಬ್ಬರೂ ಇರಲಿಲ್ಲವಾ? ಇದ್ದರು. ರಕ್ಷಣಾ ಮಂತ್ರಿ ಪೆಂಗ್ ದಹುವಾಯ್. ಹುನಾನ್‌ನ ತನ್ನ ಹುಟ್ಟೂರಿಗೆ ಹೋಗಿ ಹಳ್ಳಿಗಳನ್ನು ಕಣ್ಣಾರೆ ಕಂಡು ಬಂದಿದ್ದವರು. 1959ರ ಜುಲೈನಲ್ಲಿ ಲುಶಾನ್ ಎಂಬಲ್ಲಿ ನಾಯಕರೆಲ್ಲ ಸೇರಿದಾಗ ಮಾವೋಗೆ ಒಂದು ಪತ್ರ ಬರೆದರು. ಗುಟ್ಟಾಗಿ ಬರೆದ ಪತ್ರ ಅದು, ಭಾಷೆಯೂ ಮರ್ಯಾದೆಯದ್ದೇ. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿಸಿ, ಇದು ಪಕ್ಷದ ಮೇಲಿನ ದಾಳಿ ಅಂತ ಮಾಡಿದರು. ಪೆಂಗ್ ಅವರ ಮಂತ್ರಿ ಪದವಿ ಹೋಯಿತು. ಅಲ್ಲಿ ಕೂತಿದ್ದ ಉಳಿದವರು ಆವತ್ತು ಕಲಿತ ಪಾಠ ಏನಿರಬಹುದು? ಅವರು ಬಾಯಿ ಮುಚ್ಚಿಕೊಂಡು ವಾಪಸ್ ಹೋದರು, ಹಸಿವು ಇನ್ನೂ ಎರಡು ವರ್ಷ ನಡೆಯಿತು. 1962ರಲ್ಲಿ ಏಳು ಸಾವಿರ ಕಾರ್ಯಕರ್ತರ ಮುಂದೆ ಮಾತಾಡುತ್ತಾ ಮಾವೋ ಅವರೇ, ಪ್ರಜಾಪ್ರಭುತ್ವ ಇಲ್ಲದಿದ್ದರೆ ಕೆಳಗೆ ಏನು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಅಷ್ಟು ಹೊತ್ತಿಗೆ ಕೋಟಿಗಟ್ಟಲೆ ಜನ ಹೋಗಿಬಿಟ್ಟಿದ್ದರು.

ನನಗೆ ಈ ಕಥೆಯಲ್ಲಿ ಗದ್ದೆಗಿಂತ ಆ ಪತ್ರವೇ ಮುಖ್ಯ. ಸುಳ್ಳು ಲೆಕ್ಕ ಎಲ್ಲಾ ದೇಶದಲ್ಲೂ ಇರುತ್ತದೆ. ಅದನ್ನು ತಿದ್ದುವವನಿಗೆ ಏನಾಯಿತು ಅನ್ನುವುದನ್ನು ಎಲ್ಲರೂ ನೋಡುತ್ತಿರುತ್ತಾರೆ. ಕೆಟ್ಟ ಸುದ್ದಿ ತಂದ ಒಬ್ಬ ಅಧಿಕಾರಿಗೆ ಎತ್ತಂಗಡಿ ಆದರೆ ಸಾಕು, ಆ ಕಚೇರಿಯಲ್ಲಿ ಮುಂದಿನ ಹತ್ತು ವರ್ಷ ಯಾರೂ ಕೆಟ್ಟ ಸುದ್ದಿ ತರುವುದಿಲ್ಲ.

ಮೆಟ್ಟಿಲುಗಳನ್ನು ದಾಟಿ ನೇರವಾಗಿ ಮೇಲಕ್ಕೆ ಹೋಗುವ ಇನ್ನೊಂದು ದಾರಿ ಪತ್ರಿಕೆ. 1943ರ ಬಂಗಾಳದ ಕ್ಷಾಮದಲ್ಲಿ ಆಳುವವರು ಕ್ಷಾಮ ಅಂತ ಘೋಷಿಸಲೇ ಇಲ್ಲ. ಆಗಸ್ಟ್ 22ರಂದು ಕಲ್ಕತ್ತಾದ ದಿ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯಲ್ಲಿ ಹಸಿದು ಬಿದ್ದವರ ಫೋಟೋಗಳನ್ನು ಛಾಪಿಸಿದರು. ಆಮೇಲೆ ಇಲ್ಲ ಅನ್ನುವುದು ಯಾರಿಗೂ ಸುಲಭ ಆಗಲಿಲ್ಲ. ಸ್ವಾತಂತ್ರ್ಯದ ನಂತರದ ಭಾರತದ 16 ರಾಜ್ಯಗಳ 1958ರಿಂದ 1992ರವರೆಗಿನ ಲೆಕ್ಕ ತೆಗೆದು ನೋಡಿದ ಅಧ್ಯಯನವೊಂದಿದೆ. ಪತ್ರಿಕೆ ಜಾಸ್ತಿ ಓದುವ ರಾಜ್ಯಗಳಲ್ಲಿ ಬೆಳೆ ಕೈಕೊಟ್ಟಾಗ ಸರ್ಕಾರ ಪಡಿತರ ಹಂಚಿದ್ದೂ ಜಾಸ್ತಿ, ಪ್ರವಾಹದ ಪರಿಹಾರ ಕೊಟ್ಟಿದ್ದೂ ಜಾಸ್ತಿ.

ಬರೀ ಭಯ, ಸ್ವಾರ್ಥದಿಂದಲೇ ದಾರಿ ಕೆಡುತ್ತದೆ ಅಂತಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಹಳೇ ಮಾದರಿಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಅದರ ಮುಂದಿನದು ಬರಲೇ ಇಲ್ಲ. ಒಂದು ವಾರ ಮಂತ್ರಿಗಳೂ ಜನರೂ ನೋಡಿದ ದಿನದ ಅಂಕಿ ತಪ್ಪು. ಆ ಸೋಂಕಿತರ ಜೊತೆ ಇದ್ದವರಿಗೆ ಎಚ್ಚರಿಕೆ ಹೋಗುವುದೂ ತಡವಾಯಿತು.

ಇನ್ನು ಸುದ್ದಿ ಮೇಜಿನ ತನಕ ಬಂದರೂ ತಲೆಯೊಳಗೆ ಇಳಿಯದ ಕಷ್ಟ ಬೇರೆ. ಡೆನ್ಮಾರ್ಕಿನಲ್ಲಿ 954 ಸ್ಥಳೀಯ ರಾಜಕಾರಣಿಗಳ ಮುಂದೆ ಎರಡು ಸಂಸ್ಥೆಗಳ ಅಂಕಿ ಇರುವ ಸಾದಾ ಕೋಷ್ಟಕ ಇಟ್ಟು ಯಾವುದು ಚೆನ್ನಾಗಿದೆ ಹೇಳಿ ಅಂದರು. ಹೆಸರಿಲ್ಲದೆ ಕೊಟ್ಟಾಗ ಹೆಚ್ಚಿನವರು ಸರಿಯಾಗಿ ಓದಿದರು. ಒಂದು ಸರ್ಕಾರಿ, ಒಂದು ಖಾಸಗಿ ಅಂತ ಹೆಸರು ಹಾಕಿದ ಕೂಡಲೇ, ತಮ್ಮ ನಂಬಿಕೆಗೆ ವಿರುದ್ಧ ಇದ್ದ ಅಂಕಿಯನ್ನು ಬಹಳ ಜನ ತಪ್ಪಾಗಿ ಓದಿದರು. ನಮ್ಮನ್ನು ಕೂರಿಸಿ ಕೇಳಿದರೂ ಹೀಗೇ ಆಗುತ್ತಿತ್ತೇನೋ. ವ್ಯತ್ಯಾಸ ಏನು ಅಂದರೆ ಅವರು ತಪ್ಪು ಓದಿದ್ದರ ಬೆಲೆಯನ್ನು ಬೇರೆಯವರು ತೆರುತ್ತಾರೆ.

ಹಾಗೆ ಬೆಲೆ ತೆತ್ತವರ ಒಂದು ಊರು ಅಮೆರಿಕದ ಫ್ಲಿಂಟ್. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಕುಡಿಯುವ ನೀರಿನ ಮೂಲವನ್ನು ಬದಲಿಸಿ ನದಿಯಿಂದ ನೀರು ತೆಗೆದುಕೊಂಡರು. ಪೈಪು ಸವೆಯದ ಹಾಗೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೇ ಪೈಪುಗಳ ಸೀಸ ನೀರಿಗೆ ಇಳಿಯತೊಡಗಿತು. ಆ ಹೊತ್ತಿನಲ್ಲಿ ಊರಿನ ಆಡಳಿತ ರಾಜ್ಯ ಸರ್ಕಾರ ನೇಮಿಸಿದ ಒಬ್ಬ ಅಧಿಕಾರಿಯ ಕೈಯಲ್ಲಿತ್ತು, ಜನ ಆರಿಸಿದವರ ಕೈಯಲ್ಲಿ ಅಲ್ಲ. ತಾಯಂದಿರು ಮನೆಯ ನಲ್ಲಿಯ ಕಂದು ನೀರನ್ನು ಬಾಟಲಿಯಲ್ಲಿ ತುಂಬಿ ಸಭೆಗಳಿಗೆ ತಂದು ತೋರಿಸಿದರು. ನೀರು ಸುರಕ್ಷಿತ ಅನ್ನುವ ಉತ್ತರ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆ, ಈ ನೀರಿನಿಂದ ಭಾಗಗಳು ತುಕ್ಕು ಹಿಡಿಯುತ್ತಿವೆ ಅಂತ ಹೇಳಿ ಬೇರೆ ನೀರಿಗೆ ಹೋಯಿತು. ಅದಕ್ಕೆ ಅನುಮತಿ ಸಿಕ್ಕಿತು. ಕಬ್ಬಿಣಕ್ಕೆ ಆಗದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು. 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ಮಕ್ಕಳ ರಕ್ತದಲ್ಲಿ ಸೀಸ ಏರಿದ ಲೆಕ್ಕವನ್ನು ಬಹಿರಂಗ ಮಾಡಿದಾಗಲೂ ಅಧಿಕಾರಿಗಳು ಮೊದಲು ಅಲ್ಲಗಳೆದರು. ಆಮೇಲೆ ಒಪ್ಪಿಕೊಂಡು ಅಕ್ಟೋಬರ್‌ನಲ್ಲಿ ಹಳೇ ನೀರಿಗೆ ಮರಳಿದರು. ಇಲ್ಲಿ ಮಾಹಿತಿಗೆ ಬರ ಇರಲಿಲ್ಲ. ಬಾಟಲಿ ಹಿಡಿದು ನಿಂತ ತಾಯಿಯ ಮಾತನ್ನು ಮಾಹಿತಿ ಅಂತ ಎಣಿಸಲಿಲ್ಲ, ಕಾರ್ಖಾನೆಯ ಮಾತನ್ನು ಎಣಿಸಿದರು.

ದಾರಿಯನ್ನು ಬೇಕೆಂದೇ ಚೆನ್ನಾಗಿ ಕಟ್ಟಿದವರೂ ಇದ್ದಾರೆ. ಮೆಕ್ಸಿಕೊ 1997ರಲ್ಲಿ ಬಡ ಕುಟುಂಬಗಳಿಗೆ ಹಣ ಕೊಡುವ ಪ್ರೊಗ್ರೆಸಾ ಯೋಜನೆ ಶುರು ಮಾಡಿತು. ಮಕ್ಕಳು ಶಾಲೆಗೆ ಹೋಗಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಅನ್ನುವುದು ಷರತ್ತು. 506 ಹಳ್ಳಿಗಳನ್ನು ಹಿಡಿದು, ಕೆಲವಕ್ಕೆ ಮೊದಲು ಕೊಟ್ಟು ಕೆಲವಕ್ಕೆ ಆಮೇಲೆ ಕೊಟ್ಟು, ಹೊರಗಿನವರಿಂದ ಲೆಕ್ಕ ಮಾಡಿಸಿದರು. ತಮ್ಮ ಯೋಜನೆ ಸೋಲಲೂಬಹುದು ಅಂತ ಗೊತ್ತಿದ್ದೇ ಮಾಡಿದರು. 2000ದಲ್ಲಿ ಎಪ್ಪತ್ತು ವರ್ಷ ಆಳಿದ್ದ ಪಕ್ಷ ಸೋತು ಹೊಸಬರು ಬಂದಾಗ ಅವರು ಯೋಜನೆಯನ್ನು ಕಿತ್ತು ಹಾಕಲಿಲ್ಲ, ಹೆಸರು ಬದಲಿಸಿ ಪಟ್ಟಣಗಳಿಗೂ ವಿಸ್ತರಿಸಿದರು. ಮಕ್ಕಳು ಶಾಲೆಯಲ್ಲಿ ಉಳಿಯುತ್ತಿದ್ದಾರೆ ಅನ್ನುವ ಲೆಕ್ಕ ಮೇಜಿನ ಮೇಲಿತ್ತು. ಇದಕ್ಕೆ ಉಲ್ಟಾ ಕೆಲಸ ಅಮೆರಿಕದ ಸಂಸತ್ತು 1995ರಲ್ಲಿ ಮಾಡಿತು. ವಿಜ್ಞಾನ, ತಂತ್ರಜ್ಞಾನದ ವಿಷಯಗಳನ್ನು ಸದಸ್ಯರಿಗೆ ಯಾವ ಪಕ್ಷದ ಕಡೆಗೂ ವಾಲದೆ ವಿವರಿಸಲು 1972ರಲ್ಲಿ ಮಾಡಿಕೊಂಡಿದ್ದ ತನ್ನದೇ ಕಚೇರಿಗೆ ಹಣ ನಿಲ್ಲಿಸಿ ಬಾಗಿಲು ಹಾಕಿತು. ಸ್ವಂತ ಕಣ್ಣು ಇಲ್ಲದವರು ಕಂಪನಿಗಳ ಪರವಾಗಿ ಬಂದವರ ಕಣ್ಣಿನಿಂದ ನೋಡಬೇಕಾಗುತ್ತದೆ. ಇದು ನನ್ನ ಪ್ರಕಾರ ದೊಡ್ಡ ತಪ್ಪು.

ಪ್ರಶ್ನೆಗಳಿಗೆ ಬರುತ್ತೇನೆ. ಹಿಂದೆ ಕೂತಿದ್ದ ಹಿರಿಯರೊಬ್ಬರು, ಆಳುವವರಿಗೆ ನಮ್ಮ ಬಗ್ಗೆ ಜಾಸ್ತಿ ಗೊತ್ತಾಗುವುದು ಅಪಾಯ ಅಲ್ಲವೇ ಅಂತ ಕೇಳಿದರು. ಹೌದು, ಅಪಾಯವೇ. ನೆದರ್ಲೆಂಡ್ಸ್‌ನಲ್ಲಿ ಬಹಳ ಅಚ್ಚುಕಟ್ಟಾದ ಜನಸಂಖ್ಯಾ ದಾಖಲೆ ಇತ್ತು, ಅದರಲ್ಲಿ ಯಾರ ಧರ್ಮ ಯಾವುದು ಅನ್ನುವುದೂ ಇತ್ತು. ನಾಜಿಗಳು ಬಂದಾಗ ಅದೇ ದಾಖಲೆ ಯಹೂದಿಗಳನ್ನು ಹುಡುಕಲು ಅನುಕೂಲ ಮಾಡಿಕೊಟ್ಟಿತು. ಅಲ್ಲಿನ ಯಹೂದಿಗಳಲ್ಲಿ ಮುಕ್ಕಾಲು ಪಾಲು ಜನ ಕೊಲೆಯಾದರು. 1943ರ ಮಾರ್ಚ್‌ನಲ್ಲಿ ಪ್ರತಿರೋಧದ ಒಂದು ಗುಂಪು ಆಮ್‌ಸ್ಟರ್‌ಡ್ಯಾಮಿನ ದಾಖಲೆ ಕಚೇರಿಗೇ ಬೆಂಕಿ ಇಟ್ಟಿತು. ಸಾಯುವುದು ಮಲೇರಿಯಾದಿಂದ ಅಂತ ಗೊತ್ತಾಗಲು ಸತ್ತವರ ಧರ್ಮ ಬೇಕಿಲ್ಲ, ಹೆಸರೂ ಬೇಕಿಲ್ಲ. ರೂಫಿಜಿಯ ಜಿಲ್ಲೆಯವರ ಮುಂದೆ ಇಟ್ಟದ್ದು ಕಾಯಿಲೆಗಳ ಲೆಕ್ಕ. ಜನರ ಪಾಡು ಮೇಲಕ್ಕೆ ಹೋಗಲಿ, ಜನರ ಪಟ್ಟಿ ಹೋಗಬೇಕಾಗಿಲ್ಲ.

ಇನ್ನೊಬ್ಬ ಹುಡುಗಿ ಕೇಳಿದಳು, ನಮ್ಮಂಥವರು ಏನು ಮಾಡುವುದು? ನಾನು ಹೇಳಿದ್ದು ಇಷ್ಟು. ನಿಮ್ಮ ಪ್ರತಿನಿಧಿ ಸಿಕ್ಕಾಗ ಭರವಸೆ ಕೇಳಬೇಡಿ. "ಈ ತಿಂಗಳು ನಿಮಗೆ ಬಂದ ಅತಿ ಕೆಟ್ಟ ಸುದ್ದಿ ಯಾವುದು, ಅದನ್ನು ಹೇಳಿದವರು ಯಾರು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅವರ ಸುತ್ತ ಇರುವವರು ಅವರಿಗೆ ಹೇಳುತ್ತಿಲ್ಲ ಅಂತ ಅರ್ಥ. ಆಗ ನೀವೇ ಹೇಳಿ. ಎಷ್ಟು ಮನೆ, ಎಷ್ಟು ದಿನ, ಯಾವತ್ತಿನಿಂದ ಅಂತ ಬರೆದುಕೊಡಿ. ಪಂಪು ಕೆಟ್ಟು ಮೂರು ತಿಂಗಳು ಅಂತಲೇ ಬರೆಯಿರಿ. ಆಮೇಲೆ ಅದರ ನಕಲನ್ನು ನಾಲ್ಕು ಜನರಿಗೆ ಕಾಣುವ ಹಾಗೆ ಇಡಿ, ಯಾವ ಮೇಜೂ ಅದನ್ನು ಮೆತ್ತಗೆ ಮಾಡದ ಹಾಗೆ.